ಸಪ್ಪೆ ಸಂಜೆಗಳ ಬಗ್ಗೆ

ಕುಡಿತ ಬಿಟ್ಟು ಮೂರು ತಿಂಗಳಾಯ್ತು, ಯಾವ ಹವ್ಯಾಸವೂ ರುಚಿಸುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಆ ಸಪ್ಪೆತನ ನಿಮ್ಮ ತಪ್ಪಲ್ಲ. ಮದ್ಯಕ್ಕೆ ಒಗ್ಗಿದ ಮೆದುಳು ಸಣ್ಣ ಖುಷಿಗಳಿಗೆ ಮತ್ತೆ ಸ್ಪಂದಿಸಲು ತಿಂಗಳುಗಳೇ ಬೇಕಾಗಬಹುದು. ಮೊದಲ ದಿನ ಮಜಾ ಬರಲಿಲ್ಲ ಅಂತ ಯಾವುದನ್ನೂ ಕೈಬಿಡಬೇಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಳಲು. ಕೈ, ಬಾಯಿ ಎರಡಕ್ಕೂ ಕೆಲಸ! ಹತ್ತು ದಿನ ಬರೀ ಗಾಳಿ. ಒಂದು ಸಂಜೆ ಸ್ವರ ಹೊರಟಾಗ ಕಣ್ಣು ತುಂಬಿ ಬಂತು. ಮೊದಲು ಕುಡಿಯುತ್ತಿದ್ದ ಹೊತ್ತಿಗೇ ನುಡಿಸಲು ಕೂರುತ್ತಿದ್ದೆ, ಅದು ಮುಖ್ಯ. ಒಂಟಿತನ ಕಾಡಿದರೆ ಬ್ಯಾಡ್ಮಿಂಟನ್ ಥರದ್ದು ಆರಿಸಿ, ಜೊತೆಗಾರರು ಕಾಯುತ್ತಿದ್ದರೆ ಹೋಗಲೇಬೇಕಾಗುತ್ತೆ. ಇಷ್ಟಾದರೂ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ ದಯವಿಟ್ಟು ವೈದ್ಯರಿಗೆ ಹೇಳಿ, ಖಿನ್ನತೆಯೂ ಇರಬಹುದು.