ಬುಷ್ ಹರಿದಿದ್ದಕ್ಕೆ ಬೋಲ್ಟ್ ಬಿಗಿ ಮಾಡಿದ ರೀತಿ ಕಾರಣ ಇರಬಹುದು

ಹಳೇ ಕಾರಿನ ಲೋಯರ್ ಆರ್ಮ್‌ಗೆ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಹಾಕಿಸಿದ ಹೊಸ ರಬ್ಬರ್ ಬುಷ್ (ತೋಳಿನ ಕೀಲಿನಲ್ಲಿ ಕೂರುವ ಮೆತ್ತೆ) ಕೆಲವೇ ತಿಂಗಳಲ್ಲಿ ಹರಿದಿದೆ, ಈ ಸಲ ರಬ್ಬರ್‌ಗಿಂತ ಗಟ್ಟಿಯಾದ ಪಾಲಿಯುರೆಥೇನ್ ಪ್ಲಾಸ್ಟಿಕ್‌ನ ಬುಷ್ ಹಾಕಿಸಲಾ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಒಂದು ವಿಷಯ ವಿಚಾರಿಸಿ. ಕಾರು ಜಾಕ್ ಮೇಲಿದ್ದಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದ್ದರಾ? ನನ್ನ ಅನುಮಾನ ಅಲ್ಲೇ.

ಇಂಥ ಬುಷ್‌ನಲ್ಲಿ ರಬ್ಬರ್ ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದರೆ ಕೊಳವೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆದಾಗ ರಬ್ಬರೇ ತಿರುಚಿಕೊಳ್ಳಬೇಕು. ಚಕ್ರ ಜೋತಾಡುವಾಗ ಬಿಗಿ ಮಾಡಿದರೆ, ಕಾರು ಕೆಳಗಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಕಾರು ಸುಮ್ನೆ ನಿಂತಿದ್ದರೂ ಸಹ. ಎಷ್ಟು ಒಳ್ಳೆ ಬುಷ್ ಆದರೂ ಬಾಳಿಕೆ ಬರಲ್ಲ.

ಹಾಗಾಗಿ ಮೊದಲು ಬೋಲ್ಟ್ ಸಡಿಲವಾಗಿ ಕೂರಿಸಿ. ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರ, ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ (ಎಷ್ಟು ಬಲದಿಂದ ತಿರುಗಿಸಬೇಕು ಎಂಬ ಅಳತೆ) ಬಿಗಿ ಮಾಡಿಸಿ. ಕೆಳಗೆ ನುಗ್ಗುವ ಕೆಲಸ, ಗಟ್ಟಿ ರ‍್ಯಾಂಪ್ ಬೇಕೇ ಬೇಕು; ಬರೀ ಜಾಕ್ ನಂಬಬೇಡಿ. ಬುಷ್‌ನಲ್ಲಿ ಖಾಲಿ ಸೀಳುಗಳಿದ್ದರೆ, ಹಳೆಯದನ್ನು ಒತ್ತಿ ತೆಗೆಯುವ ಮೊದಲೇ ಅವು ಯಾವ ದಿಕ್ಕಿಗಿವೆ ಎಂದು ಆರ್ಮ್ ಮೇಲೆ ಗುರುತು ಹಾಕಿಕೊಳ್ಳಿ, ಹೊಸದನ್ನೂ ಅದೇ ದಿಕ್ಕಿಗೆ ಕೂರಿಸಬೇಕು.

ಪಾಲಿಯುರೆಥೇನ್ ಸಾಮಾನ್ಯವಾಗಿ ಕೊಳವೆಯ ಸುತ್ತ ತಿರುಗುತ್ತದೆ, ಈ ತೊಂದರೆ ಇಲ್ಲ. ಆದರೆ ಅದಕ್ಕೆಂದೇ ಕೊಡುವ ಗ್ರೀಸ್ ಸರಿಯಾಗಿ ಹಚ್ಚದಿದ್ದರೆ ಕಿರಗುಟ್ಟುತ್ತದೆ, ರಸ್ತೆಯ ಅದುರಾಟವೂ ಜಾಸ್ತಿ. ದಿನಾ ಓಡಿಸುವ ಕಾರಾದರೆ ನಾನು ರಬ್ಬರನ್ನೇ ಹೇಳುತ್ತೇನೆ. ಯಾವುದೇ ಹಾಕಿಸಿದರೂ ಕೊನೆಗೆ ಚಕ್ರಗಳ ಅಲೈನ್‌ಮೆಂಟ್ (ಅವುಗಳ ಕೋನ ಸರಿಪಡಿಸುವುದು) ಮಾಡಿಸಿಬಿಡಿ.