ಕೈಸರ್ ಒಬ್ಬನೇ ಕಾರಣನಾ?

ಪ್ರಶ್ನೆ: ಮೊದಲ ಮಹಾಯುದ್ಧಕ್ಕೆ ಜರ್ಮನಿಯ ದೊರೆ ಕೈಸರ್ ವಿಲ್ಹೆಲ್ಮ್ ಒಬ್ಬನೇ ಕಾರಣ ಅಂತಾರೆ ನಮ್ಮ ತಂದೆ. ಮಿತ್ರಕೂಟ, ಶಸ್ತ್ರಾಸ್ತ್ರ ಪೈಪೋಟಿ ಇದ್ದ ಮೇಲೆ ಯಾರಿದ್ದರೂ ಯುದ್ಧ ಆಗುತ್ತಿತ್ತು ಅಂತಾರೆ ನಮ್ಮ ಮೇಷ್ಟ್ರು. ಯಾವುದು ಸರಿ?
– ಬಿ.ಎ. ವಿದ್ಯಾರ್ಥಿನಿ, ಕೋಲಾರ

ಉತ್ತರ: ನಾನು ಮುಕ್ಕಾಲು ಪಾಲು ನಿಮ್ಮ ತಂದೆ ಕಡೆ. ಆದರೆ ‘ಒಬ್ಬನೇ’ ಅನ್ನೋದನ್ನು ಒಪ್ಪಲ್ಲ.

ಮೇಷ್ಟ್ರು ಹೇಳುವ ಮಿತ್ರಕೂಟ, ಪೈಪೋಟಿ ಎಲ್ಲ 1912-13ರಲ್ಲೂ ಇದ್ದವು. ಬಾಲ್ಕನ್ ಪ್ರದೇಶದಲ್ಲಿ ಆಗ ಎರಡು ಯುದ್ಧ ನಡೆದರೂ ದೊಡ್ಡ ದೇಶಗಳು ಪರಸ್ಪರ ಬಡಿದಾಡಲಿಲ್ಲ. ಆಸ್ಟ್ರಿಯಾದ ಸೇನಾ ಮುಖ್ಯಸ್ಥ ಕಾನ್ರಾಡ್ ಸರ್ಬಿಯಾ ಮೇಲೆ ಬೀಳೋಣ ಅಂತ ಪದೇ ಪದೇ ಹಟ ಹಿಡಿಯುತ್ತಿದ್ದ. ಬೇಡ ಅಂತ ತಡೆದವರಲ್ಲಿ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮುಖ್ಯ. 1914ರ ಜೂನ್ 28ರಂದು ಸರಾಯೆವೊದಲ್ಲಿ 19 ವರ್ಷದ ಸರ್ಬ್ ಯುವಕ ಗಾವ್ರಿಲೊ ಪ್ರಿನ್ಸಿಪ್ ಗುಂಡು ಹೊಡೆದದ್ದು ಇದೇ ಫರ್ಡಿನೆಂಡ್‌ಗೆ! ತಡೆಯುವ ಮನುಷ್ಯನೇ ಹೋದ. ಜುಲೈ 5ರಂದು ಕೈಸರ್ ಆಸ್ಟ್ರಿಯಾಗೆ, ಸರ್ಬಿಯಾ ವಿಷಯದಲ್ಲಿ ನೀವು ಏನು ಮಾಡಿದರೂ ನಾವಿದ್ದೇವೆ ಅಂದುಬಿಟ್ಟ. ಹಾಗೆ ಹೇಳಲೇಬೇಕು ಅಂತ ಯಾವ ಒಪ್ಪಂದದಲ್ಲೂ ಇರಲಿಲ್ಲ.

ಮೇಷ್ಟ್ರ ಮಾತಿಗೆ ಬಲ ಬರುವುದು ರೈಲಿನ ವಿಷಯದಲ್ಲಿ. ನಿಮ್ಮೂರ ಎಪಿಎಂಸಿಯಲ್ಲಿ ನೋಡಿರುತ್ತೀರಲ್ವಾ, ಹರಾಜು ಮುಗಿದು ಟೊಮೇಟೊ ಕ್ರೇಟು ಏರಿಸಿ ಹಗ್ಗ ಬಿಗಿದ ಮೇಲೆ ಲಾರಿ ಸುಮ್ನೆ ನಿಲ್ಲುವ ಹಾಗಿಲ್ಲ, ನಿಂತರೆ ಮಾಲು ಕೊಳೆಯುತ್ತದೆ. ಆಗ ರೈಲಿನಲ್ಲಿ ಸೈನ್ಯ ಕೂಡಿಸುವುದೂ ಹಾಗೇ ಆಗಿತ್ತು. ಸರ್ಬಿಯಾ ಪರ ನಿಂತಿದ್ದ ರಷ್ಯಾದ ದೊರೆ ನಿಕೊಲಾಸ್ ಜುಲೈ 29ರ ರಾತ್ರಿ ಕೈಸರನ ತಂತಿ ಓದಿ ಪೂರ್ತಿ ಸೈನ್ಯ ಕೂಡಿಸುವ ಆದೇಶ ವಾಪಸ್ ತಗೊಂಡ. ಮಾರನೇ ದಿನ ಮಂತ್ರಿಯೂ ಜನರಲ್‌ಗಳೂ ಬಿಡದೆ ಹಿಡಿದು ಮತ್ತೆ ಅದೇ ಆದೇಶ ಕೊಡಿಸಿದರು. ತಡ ಮಾಡಿದರೆ ಜರ್ಮನಿ ಮೊದಲು ತಯಾರಾಗುತ್ತದೆ ಅನ್ನುವ ಭಯ.

ಆಗಸ್ಟ್ 1ರ ಸಂಜೆಯ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬ್ರಿಟನ್ ಸುಮ್ಮನಿರಬಹುದು ಅಂತ ಬರ್ಲಿನ್‌ಗೆ ಸುದ್ದಿ ಬಂತು. ಹಾಗಾದರೆ ಮೊದಲು ರಷ್ಯಾದ ಮಿತ್ರ ಫ್ರಾನ್ಸ್ ಮೇಲೆ ಬೀಳುವ ಯೋಜನೆ ಬೇಡ, ಸೈನ್ಯವನ್ನೆಲ್ಲ ರಷ್ಯಾ ಕಡೆ ತಿರುಗಿಸಿ ಅಂದ ಕೈಸರ್. ಆಗಲ್ಲ ಅಂದ ಸೇನಾ ಮುಖ್ಯಸ್ಥ ಮೋಲ್ಟ್ಕೆ, ಲಕ್ಷಾಂತರ ಜನರನ್ನು ಸಾಗಿಸುವ ರೈಲು ವೇಳಾಪಟ್ಟಿ ಅದು, ವರ್ಷಗಟ್ಟಲೆ ಕೂತು ಮಾಡಿದ್ದು. ಇಲ್ಲಿ ಮೇಷ್ಟ್ರೇ ಗೆದ್ದರು ಅನ್ನಿಸುತ್ತದೆ. ಆದರೆ ಜರ್ಮನ್ ಸೇನೆಯ ರೈಲ್ವೆ ವಿಭಾಗದಲ್ಲಿದ್ದ ಸ್ಟಾಬ್ ಅನ್ನುವ ಜನರಲ್, ಯುದ್ಧ ಮುಗಿದ ಮೇಲೆ ಲೆಕ್ಕ ಹಾಕಿ, ಸೈನ್ಯ ತಿರುಗಿಸಬಹುದಿತ್ತು ಅಂತ ತೋರಿಸಿದ.

ಈ ಸ್ಟಾಬ್ ವಿಷಯವನ್ನು ನಾಳೆ ಕ್ಲಾಸಿನಲ್ಲಿ ಮೇಷ್ಟ್ರನ್ನೇ ಕೇಳಿ, ಅವರು ಏನಂದರು ಅಂತ ನಮಗೂ ಬರೆಯಿರಿ.