ಮೊದಲ ಮನೆಯನ್ನು ಹೀಗಳೆಯಬೇಡಿ, ಮೇಷ್ಟ್ರೇ

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಲೆವಿಟ್‌ಟೌನ್ ಬಗ್ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಮಗನ ಮನೆಗೆ ಹೋದಾಗ ನಾನೂ ಆ ಊರು ನೋಡಿದ್ದೇನೆ. ಇಟ್ಟಿಗೆ ಕೊಯ್ದ ಹಾಗೆ ಮನೆ ಕಟ್ಟಿದ ಊರು ಅದು. ಎಲ್ಲರಿಗೂ ಒಂದೇ ಮನೆ, ಒಂದೇ ವಾಷಿಂಗ್ ಮಷೀನು. ಅಂಥ ಕಡೆ ಬದುಕೂ ಒಂದೇ ಅಚ್ಚಿನದಾಗುತ್ತದೆ. ಬಟ್ಟೆ ಒಗೆದದ್ದು, ಮಕ್ಕಳು ಆಡಿದ್ದು, ಇದಕ್ಕೆಲ್ಲ ಪತ್ರಿಕೆಯ ಜಾಗ ಯಾಕೆ ದಂಡ ಮಾಡುತ್ತೀರಿ?"

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ಇವತ್ತಿಗೂ ಕರಿಹಲಗೆಯ ಮೇಲೆ ಬರೆದಷ್ಟು ದುಂಡಗಿದೆ. ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ, ಆಲೂಗಡ್ಡೆ ಹೊಲಗಳಿದ್ದ ಕಡೆ, 1947ರಿಂದ 1951ರೊಳಗೆ ಲೆವಿಟ್ ಅಪ್ಪ-ಮಕ್ಕಳ ಕಂಪನಿ 17,000ಕ್ಕೂ ಜಾಸ್ತಿ ಮನೆ ಎಬ್ಬಿಸಿತು. ಕೆಲಸ ಭರದಲ್ಲಿದ್ದಾಗ ದಿನಕ್ಕೆ 30 ಮನೆ. ಬೇಲಿ ಹಾಕುವಂತಿಲ್ಲ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು, ಶನಿವಾರ ಭಾನುವಾರ ಬಟ್ಟೆ ಒಣಹಾಕುವಂತಿಲ್ಲ ಎಂದೆಲ್ಲ ಕಟ್ಟಳೆ ಮಾಡಿದ್ದರು. ಅದು ಕಿರಿಕಿರಿಯೇ, ಒಪ್ಪಿದೆ.

ಆದರೆ ಆ ಮನೆಗೆ ಬಂದವರು ಎಲ್ಲಿಂದ ಬಂದರು, ಅದನ್ನು ನೋಡಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ತಲೆಯ ಮೇಲೆ ಸೂರು ಇರಲಿಲ್ಲ. ಹೆಂಡತಿ, ಕೂಸು ಕಟ್ಟಿಕೊಂಡು ಅತ್ತೆ-ಮಾವನ ಮನೆಯ ಒಂದು ಕೋಣೆಯಲ್ಲಿ ದಿನ ದೂಡುತ್ತಿದ್ದರು. ಸೇನೆ ಬಿಟ್ಟುಹೋದ ತಗಡಿನ ಶೆಡ್ಡುಗಳಲ್ಲಿ ಕೆಲವರಿದ್ದರು. ಶಿಕಾಗೋದಲ್ಲಿ ಹಳೆಯ ಟ್ರಾಮ್ ಬಂಡಿಗಳನ್ನೇ ಮನೆ ಮಾಡಿಕೊಳ್ಳಿ ಎಂದು ಮಾರಿದರು! ಅಂಥವರಿಗೆ ತಿಂಗಳಿಗೆ 60 ಡಾಲರ್ ಬಾಡಿಗೆಗೆ 750 ಚದರಡಿಯ ಮನೆ ಸಿಕ್ಕಿತು. ಚಳಿಗಾಲದಲ್ಲಿ ಕಾಲಿಗೆ ಬೆಚ್ಚಗಿರಲೆಂದು ನೆಲದೊಳಗೇ ಬಿಸಿನೀರಿನ ಕೊಳವೆ ಹಾಯಿಸಿದ್ದರು. 1949ರಲ್ಲಿ ಹೊಸ ಮಾದರಿಯ ಮನೆಗಳನ್ನು 7,990 ಡಾಲರಿಗೆ ಸ್ವಂತಕ್ಕೇ ಮಾರಲು ತೆಗೆದರು. ಸೈನಿಕರ ಸಾಲಕ್ಕೆ ಸರ್ಕಾರದ ಖಾತರಿ ಇತ್ತು. ಟ್ರಾಮ್ ಬಂಡಿಯಲ್ಲಿ ಮಗುವಿಗೆ ಹಾಲು ಕಾಯಿಸಿದವಳು ಪಕ್ಕದ ಮನೆಯೂ ತನ್ನದರ ಹಾಗೇ ಇದೆ ಎಂದು ಬೇಸರ ಪಡುತ್ತಾಳೆಯೇ?

ನಾನು ಬೆಳೆದದ್ದೂ ಅಪ್ಪನ ನೌಕರಿಯ ಕ್ವಾರ್ಟರ್ಸಿನಲ್ಲಿ. ಸಾಲಾಗಿ ಒಂದೇ ಥರದ ಮನೆಗಳು. ಒಂದು ಸಂಜೆ ಕರೆಂಟು ಹೋಗಿತ್ತು. ಆಟ ಮುಗಿಸಿ ಓಡಿ ಬಂದವನು ಕತ್ತಲಲ್ಲಿ ಪಕ್ಕದ ಮನೆಗೆ ನುಗ್ಗಿ ಅಡುಗೆಮನೆಯಲ್ಲಿ ಕೂತುಬಿಟ್ಟೆ. ಆ ಮನೆಯ ಅಕ್ಕ ಏನೂ ಹೇಳದೆ ತಟ್ಟೆ ಇಟ್ಟು ಮುದ್ದೆ, ಸಾರು ಬಡಿಸಿದರು. ಮೊದಲ ತುತ್ತಿಗೇ ಇದು ನಮ್ಮ ಮನೆಯಲ್ಲ ಅಂತ ಗೊತ್ತಾಯಿತು. ಗೋಡೆ ಒಂದೇ ಅಳತೆಯದು ಇರಬಹುದು ಮೇಷ್ಟ್ರೇ, ಸಾರು ಬೇರೆಯೇ.

ಲೆವಿಟ್‌ಟೌನಿನಲ್ಲೂ ಹಾಗೇ. ಅಟ್ಟವನ್ನು ಕಂಪನಿ ಅರ್ಧಕ್ಕೇ ಬಿಟ್ಟಿತ್ತು. ಮಕ್ಕಳು ಹುಟ್ಟಿದಂತೆ ಅಪ್ಪಂದಿರು ರಜೆಯ ದಿನ ಸುತ್ತಿಗೆ, ಗರಗಸ ಹಿಡಿದು ಅದನ್ನು ಕೋಣೆ ಮಾಡಿಕೊಂಡರು. ಆಮೇಲೆ ಪಕ್ಕಕ್ಕೊಂದು ಕೋಣೆ, ಮುಂದಕ್ಕೊಂದು ಜಗಲಿ. ಇವತ್ತು ಮೊದಲಿದ್ದ ಹಾಗೇ ಉಳಿದ ಮನೆಯನ್ನು ಅಲ್ಲಿ ಹುಡುಕಬೇಕು. ನೀವು ಕಾರಿನ ಕಿಟಕಿಯಿಂದ ನೋಡಿದ್ದೀರಿ ಅಂತ ಕಾಣುತ್ತದೆ. ಇಳಿದು ನಡೆದಿದ್ದರೆ ನಿಮ್ಮ ಕಣ್ಣಿಗೂ ಬೀಳುತ್ತಿತ್ತು.

ಇನ್ನು, ಮಕ್ಕಳು ಆಡಿದ್ದಕ್ಕೆ ಪುಟ ಯಾಕೆ ಅಂದಿರಿ. ಅದೇ ನನಗೆ ನೋವಾದದ್ದು. ಇದ್ದ ಒಂದು ಕಾರನ್ನು ಗಂಡ ಕೆಲಸಕ್ಕೆ ತೆಗೆದುಕೊಂಡು ಹೋದರೆ ಹೆಂಗಸರಿಗೆ ಸಂಜೆಯವರೆಗೆ ಆ ಬೀದಿಯೇ ಊರು. ಒಬ್ಬಳು ಡಾಕ್ಟರ ಹತ್ತಿರ ಹೋದರೆ ಅವಳ ಮಕ್ಕಳನ್ನು ಇನ್ನೊಬ್ಬಳು ನೋಡಿಕೊಳ್ಳಬೇಕು. ಬೇಲಿ ಇಲ್ಲದ ಹಿತ್ತಲುಗಳು ಸೇರಿ ಒಂದೇ ಬಯಲಾಗಿದ್ದವು. ಬೇಸಿಗೆ ಬಂತೆಂದರೆ ಪೋಲಿಯೊ ಭಯ. ಮಗು ಕಾಲು ನೋವು ಅಂದರೆ ಸಾಕು, ತಾಯಿಯ ಎದೆ ಧಸಕ್ಕೆನ್ನುತ್ತಿತ್ತು. ಈಜುಕೊಳ ಇದ್ದರೂ ಕಳಿಸಲು ಅಂಜಿಕೆ. ಡಾಕ್ಟರ್ ಸಾಲ್ಕ್ ಅವರ ಲಸಿಕೆ ಕೆಲಸ ಮಾಡುತ್ತದೆ ಎಂದು 1955ರ ಏಪ್ರಿಲ್ 12ರಂದು ಸಾರಿದಾಗ ಆ ದೇಶದಲ್ಲಿ ಚರ್ಚುಗಳ ಗಂಟೆ ಬಾರಿಸಿದರು. ಮಕ್ಕಳು ನಿಶ್ಚಿಂತೆಯಿಂದ ನೀರಿಗೆ ಧುಮುಕುವುದು ಸಣ್ಣ ವಿಷಯವೇ? ಅದಕ್ಕೆ ನಾಲ್ಕು ಪುಟ ಕಡಿಮೆಯೇ ಆಯಿತು.

ಆ ಬದುಕನ್ನು ಒಳಗಿನಿಂದ ನೋಡಿದವರೂ ಇದ್ದಾರೆ. ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞ 1958ರಲ್ಲಿ ನ್ಯೂಜೆರ್ಸಿಯಲ್ಲಿ ಅದೇ ಕಂಪನಿ ಕಟ್ಟಿದ ಊರಿಗೆ ಹೋಗಿ, ಮನೆ ಮಾಡಿ, ಎರಡು ವರ್ಷ ಅಲ್ಲಿಯವರ ಜೊತೆ ಇದ್ದರು. ಹದಿಹರೆಯದ ಹುಡುಗರಿಗೆ ಅಲ್ಲಿ ಬೇಜಾರು, ಕೆಲವು ಹೆಂಗಸರಿಗೆ ಒಂಟಿತನ ಎಂಬುದನ್ನು ಮುಚ್ಚಿಡದೆ ಬರೆದರು. ಆದರೆ ಹೆಚ್ಚಿನವರು ಬಂದದ್ದಕ್ಕೆ ಖುಷಿಯಾಗಿದ್ದಾರೆ, ಪಂಡಿತರು ಹೇಳುವಂತೆ ಅಚ್ಚಿನ ಗೊಂಬೆಗಳಾಗಿಲ್ಲ ಎಂಬುದೂ ಅವರದೇ ಮಾತು.

ನನ್ನ ಸಿಟ್ಟು ಆ ಪಂಡಿತರ ಮೇಲೆ. ಸೂರು ಒಂದೇ ಥರ ಇದೆ ಎಂದು ಗೊಣಗಿದ ಎಷ್ಟೋ ಜನ ಬಾಗಿಲಿಗೆ ಹಾಕಿದ್ದ ಬೀಗವನ್ನು ನೋಡಲೇ ಇಲ್ಲ. ಲೆವಿಟ್‌ಟೌನಿನ ಮೊದಮೊದಲ ಬಾಡಿಗೆ ಕರಾರಿನಲ್ಲಿ, ಬಿಳಿಯರಲ್ಲದವರು ಈ ಮನೆಯಲ್ಲಿ ಇರುವಂತಿಲ್ಲ ಎಂದೇ ಬರೆದಿತ್ತು. ಮನೆಗೆಲಸಕ್ಕೆ ಇಟ್ಟುಕೊಳ್ಳಬಹುದಂತೆ! ಅದೇ ಯುದ್ಧದಲ್ಲಿ ದುಡಿದ ಕಪ್ಪು ಸೈನಿಕನಿಗೆ ಅಲ್ಲಿ ಜಾಗವಿಲ್ಲ. ಇಂಥ ಕರಾರನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲಿನ ಸಾಲು ಹೋಯಿತು, ಕಂಪನಿಯ ಪದ್ಧತಿ ಹೋಗಲಿಲ್ಲ.

1957ರ ಆಗಸ್ಟಿನಲ್ಲಿ, ಅದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟ್‌ಟೌನಿಗೆ ವಿಲಿಯಂ ಮತ್ತು ಡೈಸಿ ಮೈಯರ್ಸ್ ಬಂದರು. ಕಪ್ಪು ದಂಪತಿ. ಮೂರನೇ ಮಗು ಹುಟ್ಟಿ ಹಳೆಯ ಮನೆ ಸಾಲದಾಗಿತ್ತು, ಅಷ್ಟೇ ಕಾರಣ. ಗುಂಪು ಸೇರಿ ಕಲ್ಲು ತೂರಿತು, ಕಿಟಕಿ ಒಡೆಯಿತು. ರಾಜ್ಯದ ಪೊಲೀಸರು ಬರಬೇಕಾಯಿತು. ಪಕ್ಕದ ಮನೆಯ ಯಹೂದಿ ದಂಪತಿ ಮತ್ತು ಇನ್ನೂ ಕೆಲವು ನೆರೆಯವರು ಮಾತ್ರ ಅವರ ಬೆನ್ನಿಗೆ ನಿಂತರು. ಮೈಯರ್ಸ್ ಮನೆಯವರು ಹೆದರಿ ಓಡಲಿಲ್ಲ. ಅವರ ಮನೆಯೂ ಅದೇ ಅಚ್ಚಿನದು, ನೆನಪಿರಲಿ.

ನಮ್ಮಲ್ಲೂ ಇದೇ ಕಥೆ ಅಲ್ವಾ? ಮೂವತ್ತು-ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಕಟ್ಟಿದವನ ಮನೆಯ ಬಣ್ಣ ನೋಡಿ ನಗುವ ಲೇಖನಗಳು ನನ್ನ ಮೇಜಿಗೆ ಎಷ್ಟು ಬರುತ್ತವೆ! ಅದೇ ಬೀದಿಯಲ್ಲಿ "ನೀವು ಯಾವ ಜನ?" ಎಂದು ಕೇಳಿ, ಬಾಡಿಗೆಗೆ ಮನೆ ಇಲ್ಲ ಅನ್ನುವವರ ಬಗ್ಗೆ ಬರುವುದು ವರ್ಷಕ್ಕೆ ಒಂದೋ ಎರಡೋ.

ಮುಂದಿನ ಸಲ ಮಗನ ಮನೆಗೆ ಹೋದಾಗ ಲೆವಿಟ್‌ಟೌನಿನಲ್ಲಿ ಒಂದು ಸಂಜೆ ನಡೆದು ಬನ್ನಿ. ಹೂಗಿಡಕ್ಕೆ ನೀರು ಹಾಕುತ್ತಾ ವಯಸ್ಸಾದವರು ಯಾರಾದರೂ ಸಿಕ್ಕರೆ, ಮೊದಲು ಬಂದ ದಿನ ಆ ಮನೆಯಲ್ಲಿ ಏನು ಅಡುಗೆ ಮಾಡಿದ್ದರು ಅಂತ ಕೇಳಿ. ಬರೆದು ಕಳಿಸಿ. ನಾಲ್ಕಲ್ಲ, ಆರು ಪುಟ ಕೊಡುತ್ತೇನೆ.

ಸಂ.